ಗೋಡೆಯೊಳಗಿನ ಪೈಪು

ಮೈಕಿನ ತಂತಿ ಮೂರು ಕಡೆ ತುಂಡಾಗಿತ್ತು.

ಹರಿದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ಕತ್ತರಿಯಲ್ಲಿ, ಅಳತೆ ಹಿಡಿದವರ ಹಾಗೆ, ಗೇಣಿಗೊಂದು ತುಂಡು. ಬೆಳಿಗ್ಗೆ ಒಂಬತ್ತಕ್ಕೆ ಧ್ವನಿಮುದ್ರಣದ ಕೋಣೆ ತೆರೆದ ಸದ್ದಪ್ಪ ಅಲ್ಲಿಂದಲೇ ಕೂಗಿದ. ಅವನು ಕೂಗಿದ್ದು ಅದೇ ಮೊದಲು. ಯಾರಾದರೂ ಕುರ್ಚಿ ಎಳೆದರೂ "ಶ್" ಎನ್ನುವ ಮನುಷ್ಯ. ಅದಕ್ಕೇ ಆ ಅಡ್ಡಹೆಸರು. ಕೋಣೆಯ ಬಾಗಿಲಿಗೆ ಅವನು ಹಚ್ಚಿದ ಚೀಟಿಗಳೇ ಒಂದು ಹರಿಕಥೆ: ಬಳೆ ತೆಗೆಯಿರಿ. ಗಂಜಿ ಹಾಕಿದ ಅಂಗಿ ಬೇಡ. ಊಟ ಮಾಡಿ ಬರಬೇಡಿ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ.

ನಮ್ಮದು ಕಣ್ಣು ಕಾಣದವರ ಗ್ರಂಥಾಲಯ. ಪುಸ್ತಕಗಳನ್ನು ಓದಿಸಿ, ದನಿ ಹಿಡಿದು, ಎರವಲು ಕೊಡುತ್ತೇವೆ. ನಾನು ಅಲ್ಲಿ ಪಟ್ಟಿ ಬರೆಯುವವಳು. ತಂತಿ ಕತ್ತರಿಸಿದ ಕತ್ತರಿ ನನ್ನ ಮೇಜಿನದೇ. ಇಟ್ಟಲ್ಲೇ ಇತ್ತು, ಅಲಗಿನ ಸಂದಿಯಲ್ಲಿ ಒಂದು ಚೂರು ಕಪ್ಪು ರಬ್ಬರಿನೊಂದಿಗೆ.

ಯಾರ ಕೆಲಸ ಎಂಬುದು ಎರಡು ನಿಮಿಷದ ಪ್ರಶ್ನೆಯಾಯಿತು. ನೂರ ಹದಿನಾಲ್ಕು ಪುಸ್ತಕ ಓದಿದ ದನಿಯಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ. ನಮ್ಮ ಮುಖಗಳನ್ನು ನೋಡಿದ.

"ನಾನೇ. ನಿನ್ನೆ ಓದು ಮುಗಿದ ಮೇಲೆ. ಕನ್ನಡಕ ಮರೆತೆ ಅಂತ ಸದ್ದಪ್ಪನಿಗೆ ಸುಳ್ಳು ಹೇಳಿ ಮತ್ತೆ ಒಳಗೆ ಹೋದೆ."

"ಯಾಕಪ್ಪಾ?" ಮೇಲ್ವಿಚಾರಕರು ಕೇಳಿದರು.

"ಅದರೊಳಗೆ ಒಬ್ಬ ಇದ್ದಾನೆ ಸಾರ್. ನಾನು ಓದಬೇಕಾದ ಸಾಲನ್ನ ನನಗಿಂತ ಮೊದಲು ಓದಿ ಮುಗಿಸ್ತಾನೆ. ಆಮೇಲೆ ನಗ್ತಾನೆ."

ಬಸ್ಸು ತಡವಾಯಿತು ಎನ್ನುವವನ ದನಿಯಲ್ಲೇ ಹೇಳಿದ. 

ಕಾಯಿಲೆ ಹೊಸದಲ್ಲ, ಅವನು ಯಾವತ್ತೂ ಮುಚ್ಚಿಟ್ಟವನೂ ಅಲ್ಲ. ಒಂಬತ್ತು ವರ್ಷದ ಹಿಂದೆ ಇಲ್ಲದ ದನಿಗಳು ಕೇಳತೊಡಗಿದ್ದವು. ಮೊದಲು ಒಂದು ಮಾತ್ರೆ, ಮೂರು ವರ್ಷ. ಆಮೇಲೆ ಬೇರೆ ಮಾತ್ರೆ, ಆರು ವರ್ಷದಿಂದ, ದಿನಕ್ಕೊಂದು. ಆ ಆರು ವರ್ಷ ದನಿಗಳು ಉಸಿರೆತ್ತಿರಲಿಲ್ಲ.

"ಮಾತ್ರೆ ಬಿಟ್ಟಿದ್ದೀಯ," ಎಂದರು ಮೇಲ್ವಿಚಾರಕರು.

"ಇಲ್ಲ ಸಾರ್."

"ಹಾಗಾದ್ರೆ ನಿಮ್ಮಕ್ಕ ಕೊಟ್ಟಿಲ್ಲ. ಮಾತ್ರೆ ಬಿಟ್ಟರೆ ಕೆಲಸವೂ ಬಿಟ್ಟ ಹಾಗೆ ಅಂತ ಸೇರುವಾಗಲೇ ಬರೆಸಿಕೊಂಡಿದ್ದೀವಿ. ನಾಲ್ಕು ಗಂಟೆಗೆ ಸಮಿತಿ ಕೂರುತ್ತೆ. ಏನು ಹೇಳ್ತೀಯೋ ಅಲ್ಲಿ ಹೇಳು."

ಡಾಕ್ಟರಿಗೆ ಫೋನು ಹೋಯಿತು, ಎಲ್ಲರಿಗೂ ಕೇಳುವ ಹಾಗೆ. ಅವರು ನೇರವಾಗಿ ಹೇಳಿದರು. ಮಾತ್ರೆ ಬಿಟ್ಟಿದ್ದರೆ ಮತ್ತೆ ಶುರು ಮಾಡೋಣ. ಬಿಡದೆಯೂ ಹೀಗಾಗಿದ್ದರೆ ಈ ಮಾತ್ರೆ ಅವನಿಗೆ ಇನ್ನು ಹಿಡಿಯುತ್ತಿಲ್ಲ, ಹಳೆಯದಕ್ಕೇ ಮರಳಬೇಕಾದೀತು.

ಹಳೆಯದು ಎಂದ ಕೂಡಲೇ ದನಿಯಣ್ಣ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡ.

"ಅದರಲ್ಲಿ ಅವನು ಸುಮ್ಮನಿರ್ತಾನೆ, ನಿಜ. ಜೊತೆಗೆ ನಾನೂ ಸುಮ್ಮನಾಗ್ತೀನಿ. ನಾಲಿಗೆ ಹಲಗೆ ಆಗುತ್ತೆ. ಪುಟ ತಿರುವೋಕೆ ಬೆರಳು ಬರಲ್ಲ. ಮೂರು ವರ್ಷ ಹಾಗಿದ್ದೆ."

ಅತ್ತ ದರಿ, ಇತ್ತ ಪುಲಿ. ಮಾತ್ರೆ ಬಿಟ್ಟಿದ್ದೆ ಎಂದರೆ ಕುರ್ಚಿ ಹೋಗುತ್ತದೆ. ಬಿಟ್ಟಿಲ್ಲ ಎಂದರೆ ದನಿ ಹೋಗುತ್ತದೆ.

ಆಗ ಮೂಲೆಯ ಕುರ್ಚಿಯಿಂದ ಮಾತು ಬಂತು. "ಮೂರನೆಯ ದಾರಿ ಒಂದಿದ್ದರೆ ನಾಲ್ಕು ಗಂಟೆಯೊಳಗೆ ಹುಡುಕಬೇಕು. ಮಗಳೇ, ಆ ಫೋನು ಇತ್ತ ಕೊಡು."

ಕಿವಿಯಮ್ಮ. ಹುಟ್ಟಿನಿಂದ ಕಣ್ಣಿಲ್ಲ. ಅಜ್ಜಿ ಬಾಯಿಪಾಠ ಹೇಳುತ್ತಿದ್ದ ಪದ್ಯಗಳನ್ನು ಕೇಳಿ ಬೆಳೆದವರು. ಪದ್ಯಕ್ಕಿಂತ ಮೊದಲು ಹೇಳುವವರ ಉಸಿರು ಕೇಳು ಎಂದು ಅಜ್ಜಿ ಕಲಿಸಿದ್ದರಂತೆ. ಇಲ್ಲಿಂದ ಹೊರಡುವ ಪ್ರತಿ ಪುಸ್ತಕವನ್ನೂ ಮೊದಲು ಕೇಳುವವರು ಅವರು. ಎಲ್ಲಿ ಪುಟ ಸರಿದ ಸದ್ದಿದೆ, ಎಲ್ಲಿ ಸಾಲು ಹಾರಿದೆ ಎಂದು ಅವರು ಹೇಳುತ್ತಾರೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹಿಂದೆ ಮೂರು ಸಲ ಕಳೆದ ವಸ್ತುಗಳನ್ನೂ ಹುಡುಕಿ ಕೊಟ್ಟಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ನನಗೆ ಪ್ರತ್ಯಕ್ಷದ ಕಾಟವೇ ಇಲ್ಲ, ನೇರ ಪ್ರಮಾಣಕ್ಕೆ ಹೋಗ್ತೀನಿ ಎಂದು ನಗುತ್ತಾರೆ.

"ಡಾಕ್ಟ್ರಮ್ಮ, ಆ ಮಾತ್ರೆ ಒಳಗೆ ಹೋಗಿ ಮಾಡೋದಾದ್ರೂ ಏನು? ನನಗೆ ತಿಳಿಯೋ ಹಾಗೆ ಹೇಳಿ. ಕಣ್ಣಿಲ್ಲ, ತಲೆ ಇದೆ."

ಡಾಕ್ಟರು ನಕ್ಕರು. "ಮೆದುಳಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತೆ. ಸುದ್ದಿ ಹೊರೋ ಪದಾರ್ಥಗಳಲ್ಲಿ ಡೋಪಮೈನ್ ಒಂದು. 'ಇದು ಮುಖ್ಯ, ಇತ್ತ ನೋಡು' ಅಂತ ಸಾರೋದು ಅದರ ಕೆಲಸ. ಈ ಕಾಯಿಲೆಯಲ್ಲಿ ಕೆಲವು ಕಡೆ ಅದು ಅತಿಯಾಗುತ್ತೆ. ಪರದೆ ಅಲ್ಲಾಡಿದರೂ ಮುಖ್ಯ. ತನ್ನದೇ ಯೋಚನೆ ಹೊರಗಿನವರ ಮಾತಿನ ಹಾಗೆ ಕೇಳುತ್ತೆ."

"ಡಂಗುರದವನು ಸುದ್ದಿ ಇಲ್ಲದಿದ್ದರೂ ಮನೆಮನೆಗೆ ನಿಂತು ಬಡಿದ ಹಾಗೆ."

"ಹಾಗೇ ಅನ್ನಿ. ಮಾತ್ರೆ ಡಂಗುರದವನನ್ನ ಹಿಡಿಯಲ್ಲ. ಅವನು ತಟ್ಟೋ ಬಾಗಿಲುಗಳಿಗೆ ಅಡ್ಡ ಕೂರುತ್ತೆ. ಬಡಿದರೂ ಒಳಗೆ ಕಮ್ಮಿ ಕೇಳುತ್ತೆ."

"ಜಾಸ್ತಿ ಬಾಗಿಲು ಮುಚ್ಚಿದರೆ?"

"ಅದೇ ಹಳೆಯ ಮಾತ್ರೆಯ ತೊಂದರೆ. ಕೈಕಾಲು ಸಲೀಸಾಗಿ ಆಡೋಕೂ ಡೋಪಮೈನ್ ಬೇಕು. ಅಲ್ಲೂ ಬಾಗಿಲು ಮುಚ್ಚಿಕೊಂಡರೆ ಮೈ ಬಿಗಿಯುತ್ತೆ, ಕೈ ನಡುಗುತ್ತೆ. ಹೊಸದು ಬೇರೆ ಕೆಲವು ಬಾಗಿಲುಗಳನ್ನೂ ಮುಟ್ಟುತ್ತೆ, ಇಲ್ಲಿ ಸ್ವಲ್ಪ ಹಗುರ. ಎಲ್ಲರಿಗೂ ಅಲ್ಲ. ಅವನಿಗೆ ಒಗ್ಗಿತ್ತು."

"ಅಂದ್ರೆ ಲೆಕ್ಕಕ್ಕೆ ಬರೋದು ಎಷ್ಟು ಬಾಗಿಲು ಮುಚ್ಚಿತು ಅನ್ನೋದು."

"ಹೌದು. ಅಮ್ಮಾ, ಇಲ್ಲಿ ಜನ ಕಾಯ್ತಿದ್ದಾರೆ. ನಾಲ್ಕಕ್ಕೆ ಮತ್ತೆ ಮಾಡಿ."

ಫೋನು ಇಟ್ಟ ಮೇಲೆ ಕಿವಿಯಮ್ಮ ಕೋಲು ಹುಡುಕಿದರು. "ಇವರೆಲ್ಲ ನುಂಗಿದನೋ ಇಲ್ಲವೋ ಅಂತ ಕೇಳ್ತಿದ್ದಾರೆ. ಬಾಯಿಂದ ತಲೆಗೆ ನಡುವೆ ಒಂದು ದಾರಿ ಇದೆಯಲ್ಲ ಮಗಳೇ? ನಡಿ."

ದನಿಯಣ್ಣನ ಮನೆ ಎರಡು ಬೀದಿ ಆಚೆ. ಮುಂದಿನ ಕೋಣೆಯೇ ಅಕ್ಕನ ಇಸ್ತ್ರಿ ಅಂಗಡಿ. ಮೇಲ್ವಿಚಾರಕರ ಮಾತು ಅಲ್ಲಿಗೆ ನಮಗಿಂತ ಮೊದಲೇ ತಲುಪಿತ್ತು.

"ನಾನು ಕೊಟ್ಟಿಲ್ಲವಂತಾ?" ಅಕ್ಕ ಒಂದು ಡಬ್ಬಿ ತಂದು ಮೇಜಿಗೆ ಕುಕ್ಕಿದಳು. ಏಳು ಮುಚ್ಚಳ, ದಿನಕ್ಕೊಂದು. "ಎಣಿಸಿ! ಮಾತ್ರೆಯ ಖಾಲಿ ಹಾಳೆಗಳೂ ಇವೆ, ಒಂದೂ ಬಿಸಾಡಿಲ್ಲ. ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡ್ತೀನಿ. ನಲವತ್ತೆಂಟು ವರ್ಷದ ಗಂಡಸು, ದಿನಾ ನನ್ನೆದುರು ಆ ಅಂತಾನೆ!"

ನಾನು ಎಣಿಸಿದೆ. ಸರಿಯಾಗಿತ್ತು.

"ಎಷ್ಟು ಹೊತ್ತಿಗೆ ಕೊಡ್ತೀಯ ತಾಯಿ?"

"ಸಂಜೆ ಏಳಕ್ಕೆ. ಆರು ವರ್ಷದಿಂದ ಏಳಕ್ಕೆ. ಗಡಿಯಾರ ತಪ್ಪಬಹುದು, ನಾನು ತಪ್ಪಲ್ಲ."

"ಆಮೇಲೆ?"

"ಆಮೇಲೇನು, ನಿಮ್ಮಲ್ಲಿಗೆ ಬರ್ತಾನೆ. ಮೊದಲೆಲ್ಲ ಬೆಳಿಗ್ಗೆ ಓದ್ತಿದ್ದ. ಈಗ ಏಳು ವಾರದಿಂದ ಪಕ್ಕದ ಕಟ್ಟಡದಲ್ಲಿ ಹಗಲೆಲ್ಲ ಕಲ್ಲು ಕುಯ್ತಾರಂತೆ, ಸದ್ದಂತೆ, ಸಂಜೆ ಏಳೂವರೆಗೆ ಬಾ ಅಂದಿದ್ದಾರಂತೆ. ಅವನು ಬರೋ ತನಕ ತಟ್ಟೆ ಮುಚ್ಚಿಟ್ಟು ನಾನು ಇಸ್ತ್ರಿ ಹಾಕ್ತಿರ್ತೀನಿ. ಅಂಗಿಗೆ ಗಂಜಿಯನ್ನೂ ಬಿಡಿಸಿದ ನಿಮ್ಮ ಸದ್ದಪ್ಪ! ಕಾಲರು ಬಾಡಿದ ಎಲೆ ಹಾಗಿದೆ."

"ನಿದ್ದೆ?"

ಅಕ್ಕನ ದನಿ ಇಳಿಯಿತು. "ತಿಂಗಳಿಂದ ಕಮ್ಮಿ. ಕೇಳಿದರೆ ಏನಿಲ್ಲ ಅಂತಾನೆ. ಕಿವಿಯಮ್ಮಾ, ಆ ಹಳೇ ಮಾತ್ರೆ ದಿನಗಳಲ್ಲಿ ಅವನ ಅಂಗಿಯ ಗುಂಡಿ ನಾನೇ ಹಾಕ್ತಿದ್ದೆ. ಮತ್ತೆ ಅದು ಬೇಡ."

"ಸರಿ. ಆ ಅಂಗಿ ಸುಡ್ತಿದೆ, ಪೆಟ್ಟಿಗೆ ಎತ್ತು."

ಅಯ್ಯೋ ಎಂದು ಅಕ್ಕ ಓಡಿದಳು. ನನಗೆ ಇನ್ನೂ ವಾಸನೆ ಬಂದಿರಲಿಲ್ಲ.

ಮುಂದಿನದು ತಿರುವಿನ ಔಷಧದಂಗಡಿ.

"ನಕಲಿಯಾ? ನನ್ನ ಅಂಗಡೀಲಾ?" ಅಂಗಡಿಯವನು ಕನ್ನಡಕ ಹಣೆಗೇರಿಸಿದ. "ಅದೇ ಕಂಪನಿ, ಅದೇ ಮಾತ್ರೆ. ಇದೇ ಪೆಟ್ಟಿಗೆಯಿಂದ ಇನ್ನಿಬ್ಬರು ತಗೊಂಡು ಹೋಗ್ತಾರೆ. ಆರಾಮಾಗಿದ್ದಾರೆ. ಮೊನ್ನೆ ಒಬ್ಬರು ಮಗಳ ಮದುವೆಗೆ ಕರೆದು ಹೋದರು!"

"ಬಯ್ಯಬೇಡಪ್ಪ, ಕೇಳಿದೆ ಅಷ್ಟೇ. ಪೆಟ್ಟಿಗೆಯೊಳಗೆ ಒಂದು ಕಾಗದ ಮಡಚಿಟ್ಟಿರ್ತಾರಲ್ಲ?"

"ಇರುವೆ ಕಾಲಿನಂಥ ಅಕ್ಷರ. ಯಾರೂ ಕೇಳಲ್ಲ. ಮಾತ್ರೆ ಹಾಳೆ ಕೊಡ್ತೀನಿ, ಕಾಗದ ಪೆಟ್ಟಿಗೇಲೇ ಉಳಿಯುತ್ತೆ."

"ನನಗೆ ಕೊಡು."

ಕಾಗದ ಅವರ ಚೀಲ ಸೇರಿತು. ಬೀದಿಗೆ ಬಂದ ಮೇಲೆ ಕೇಳಿದೆ. "ಓದಲಾ?"

"ಈಗ ಬೇಡ. ಮೊದಲೇ ಓದಿದರೆ ಕಿವಿಗೂ ಅದೇ ಕೇಳಿಸುತ್ತೆ. ಈಗ ಅವನ ಓದು ಕೇಳೋಣ. ಏಳು ವಾರದ್ದು."

"ಅದನ್ನ ಒಂದು ಸಲ ಕೇಳಿ ಆಗಿದೆಯಲ್ಲ?"

"ಪುಸ್ತಕ ಕೇಳಿದ್ದೆ. ಮನುಷ್ಯನ್ನ ಕೇಳಲಿಲ್ಲ."

ಎರಡು ಗಂಟೆ. ಸದ್ದಪ್ಪ ಹೊಸ ತಂತಿ ಬೆಸೆಯುತ್ತಿದ್ದ. ಪಕ್ಕದಲ್ಲಿ ಕಲ್ಲು ಕೊಯ್ಯುವ ಯಂತ್ರ ಹಲ್ಲು ಕಡಿಯುತ್ತಿತ್ತು. ಕಿವಿಯಮ್ಮ ಎಂದಿನಂತೆ ಮೊದಲು ಕೈಮುಗಿದರು, ಅಜ್ಜಿಯ ಪದ್ಯದ ಒಂದು ಚರಣ ತುಟಿಯಲ್ಲೇ ಹೇಳಿಕೊಂಡರು, ಕಿವಿಗೆ ಹೆಡ್‌ಫೋನ್ ಏರಿಸಿದರು.

"ಬೆಳಗಿನ ಓದಿನ ಕೊನೆಯ ವಾರ ಹಾಕು."

ಹತ್ತು ನಿಮಿಷ. ತಲೆದೂಗಿದರು. "ಚಿನ್ನ. ಈಗ ಸಂಜೆಯ ಮೊದಲ ವಾರ."

ಐದು ನಿಮಿಷ. ತುಟಿ ಕೊಂಕಿತು. "ತೇಗು. ಇದನ್ನ ಬರೆಸಿದ್ದೆ ಅಲ್ವಾ?"

ನಾನು ಪುಸ್ತಕ ತಿರುವಿದೆ. "ಹೌದು. ತೇಗು, ಮೂರು ಕಡೆ."

"ಎರಡನೆಯ ವಾರ."

ಈ ಸಲ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಒಂದು ಬೆರಳೆತ್ತಿದರು. "ಇಲ್ಲಿ. ಸಾಲು ಮುಗಿದ ಮೇಲೆ. ಗುಳುಗುಳು... ಗುರ್ರ್. ಇದಕ್ಕೆ ಏನು ಬರೆಸಿದ್ದೆ?"

"ಗೋಡೆಯೊಳಗಿನ ಪೈಪಿನ ಸದ್ದು, ತೆಗೆಸಬೇಕು."

"ಒಟ್ಟು ಎಷ್ಟು ಸಲ ಬರೆಸಿದ್ದೀನಿ?"

ಎಣಿಸಿದೆ. "ಇಪ್ಪತ್ತಮೂರು. ಎಲ್ಲ ಎರಡನೆಯ ವಾರದಿಂದ ಈಚೆಗೆ."

"ಸದ್ದಪ್ಪ, ಈ ಗೋಡೆಯಲ್ಲಿ ಪೈಪು ಎಲ್ಲಿ ಹಾದುಹೋಗಿದೆ?"

ಅವನು ಬೆಸುಗೆ ಕಡ್ಡಿ ಕೆಳಗಿಟ್ಟ. "ಎಲ್ಲೂ ಇಲ್ಲ. ಈ ಕೋಣೆ ಕಟ್ಟಿಸುವಾಗಲೇ ಪೈಪು ಬೇಡ ಅಂತ ಹಟ ಹಿಡಿದವನು ನಾನು."

"ಮತ್ತೆ ಇಪ್ಪತ್ತಮೂರು ಸಲ ನಾನು ಪೈಪು ಅಂದಾಗ ಬಾಯಿ ಎಲ್ಲಿಟ್ಟಿದ್ದೆ?"

"ನಿಮ್ಮ ಕಿವಿಗೆ ಎದುರು ಹೇಳೋ ಧೈರ್ಯ ಯಾರಿಗಿದೆ ಕಿವಿಯಮ್ಮ? ನೀವು ಪೈಪು ಅಂದಿರಿ. ನಾನು ಸದ್ದು ಒಂದೊಂದಾಗಿ ಅಳಿಸಿದೆ. ಪುಸ್ತಕ ಸಿದ್ಧವಾಯ್ತು."

ಕಿವಿಯಮ್ಮ ಹೆಡ್‌ಫೋನ್ ಕಳಚಿ ಮಡಿಲಲ್ಲಿಟ್ಟುಕೊಂಡರು. ಅವರ ಮುಖ ಅಷ್ಟು ಇಳಿದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಈಗ ಆ ಕಾಗದ ಓದು ಮಗಳೇ," ಎಂದರು. ಓದಿದೆ. ಹೇಗೆ ಸೇವಿಸಬೇಕು ಎಂಬ ಸಾಲಿಗೆ ಬಂದಾಗ ಸಾಕು ಎಂದರು.

ನಾಲ್ಕು ಗಂಟೆ. ಸಮಿತಿಯೆಂದರೆ ಮೇಲ್ವಿಚಾರಕರು ಮತ್ತು ಇಬ್ಬರು ಹಿರಿಯರು, ಉದ್ದನೆಯ ಮೇಜಿನ ಆಚೆ. ಈಚೆ ದನಿಯಣ್ಣ, ಅಕ್ಕ. ಬಾಗಿಲಲ್ಲಿ ಸದ್ದಪ್ಪ. ಮೇಜಿನ ನಡುವೆ ಫೋನು, ಅದರಲ್ಲಿ ಡಾಕ್ಟರು.

"ಮಾತ್ರೆ ತಪ್ಪಿಸಿದ್ದು ಇವನಾ, ಇವನ ಅಕ್ಕನಾ?" ಮೇಲ್ವಿಚಾರಕರು ಶುರು ಮಾಡಿದರು.

"ಯಾರೂ ತಪ್ಪಿಸಿಲ್ಲ," ಎಂದರು ಕಿವಿಯಮ್ಮ. "ಮಾತ್ರೆ ಅಸಲಿ. ಎಣಿಕೆ ಸರಿ. ನುಂಗಿದ್ದೂ ನಿಜ. ಆದರೆ ಮಾತ್ರೆ ತಲೆಗೆ ಸಾಕಷ್ಟು ತಲುಪಲಿಲ್ಲ. ದಾರಿಯಲ್ಲೇ ಸೋರಿತು."

"ಅದು ಹೇಗೆ?"

"ಅಕ್ಕಾ, ಮೊದಲೆಲ್ಲ ನಿಮ್ಮ ಮನೇಲಿ ರಾತ್ರಿ ಊಟ ಎಷ್ಟಕ್ಕೆ?"

"ಏಳಕ್ಕೆ."

"ಈಗ?"

"ಅವನು ಓದಿ ಬಂದ ಮೇಲೆ. ಹತ್ತಾಗುತ್ತೆ."

"ಮಾತ್ರೆ?"

"ಏಳ..." ಅಕ್ಕ ನಿಂತಳು.

"ಮಗಳೇ, ಆ ಸಾಲು."

ನಾನು ಕಾಗದ ಎತ್ತಿ ಓದಿದೆ. "ಊಟದೊಂದಿಗೆ ಸೇವಿಸಬೇಕು. ಬರಿ ಹೊಟ್ಟೆಯಲ್ಲಿ ಸೇವಿಸಿದರೆ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ."

 ಫೋನಿನಲ್ಲಿ ಡಾಕ್ಟರ ಮಾತು ನಿಧಾನವಾಗಿ ಬಂತು. "ಹೌದು. ಎಲ್ಲ ಮಾತ್ರೆಗಳೂ ಹೀಗಲ್ಲ. ಈ ಜಾತಿಯದು ಊಟದ ಜೊತೆ ಹೋದರೇನೇ ಚೆನ್ನಾಗಿ ಸೇರುತ್ತೆ. ಬಿಸ್ಕತ್ತು ಸಾಲದು, ಊಟವೇ ಬೇಕು. ಖಾಲಿ ಹೊಟ್ಟೆಗೆ ಅರ್ಧ ಸೇರಿದರೆ ಹೆಚ್ಚು. ಇಷ್ಟು ವಾರ ಅರ್ಧ ಮಾತ್ರೆಯಲ್ಲಿ ಇದ್ದ ಹಾಗಾಯ್ತು. ತಗೊಳ್ತಿದ್ದಾನಾ ಅಂತ ಕೇಳಿದೆ. ಹೇಗೆ ಅಂತ ನಾನೂ ಕೇಳಲಿಲ್ಲ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಊಟದ ಜೊತೆ ಅಂತಲೇ ಅಂದಿದ್ದರು ಡಾಕ್ಟರು. ನಮ್ಮನೇಲಿ ಊಟ ಏಳಕ್ಕೆ. ನಾನು ಏಳನ್ನ ಗಟ್ಟಿ ಹಿಡ್ಕೊಂಡೆ, ಊಟನ ಕೈಬಿಟ್ಟೆ."

"ಆದರೆ ನಿಮ್ಮ ತಮ್ಮ ಮೊದಲ ವಾರ ಏಳಕ್ಕೇ ಉಂಡು ಬಂದಿದ್ದ," ಎಂದರು ಕಿವಿಯಮ್ಮ. "ತೇಗು ಕೇಳಿಸಿದೆ. ಎರಡನೆಯ ವಾರದಿಂದ ಊಟ ನಿಂತಿತು. ಯಾಕೆ?"

"ಚೀಟಿ ಹಚ್ಚಿದ್ದರಲ್ಲ," ಎಂದ ದನಿಯಣ್ಣ. "ಊಟ ಮಾಡಿ ಬರಬೇಡಿ ಅಂತ."

ಮೇಜಿನ ಆಚೆಯ ಮೂರೂ ತಲೆಗಳು ಬಾಗಿಲ ಕಡೆ ತಿರುಗಿದವು. ಸದ್ದಪ್ಪ ಬಿಳಿಚಿಕೊಂಡ.

"ಅವನನ್ನ ನೋಡಬೇಡಿ," ಎಂದರು ಕಿವಿಯಮ್ಮ. ತಲೆ ತಿರುಗಿದ್ದು ಅವರಿಗೆ ಹೇಗೆ ತಿಳಿಯಿತೋ, ಕುರ್ಚಿಗಳು ಕಿರುಗುಟ್ಟಿರಬೇಕು. "ಚೀಟಿ ಬರೆದ ಕೈ ಅವನದು. ಬರೆಸಿದವರು ಯಾರು? ಮಗಳೇ, ಸಂಜೆಯ ಮೊದಲ ವಾರಕ್ಕೆ ನಾನು ಹೇಳಿದ್ದನ್ನ ಪೂರ್ತಿ ಓದು. ಒಂದು ಪದ ಬಿಡಬೇಡ."

ಬರೆದ ಕೈ ನನ್ನದೇ. ಆದರೂ ಓದಲು ಕಷ್ಟವಾಯಿತು. "ತೇಗು, ಮೂರು ಕಡೆ. ಊಟದ ಭಾರಕ್ಕೆ ಉಸಿರು ದಪ್ಪ. ಉಂಡು ಬಂದವರನ್ನು ಮೈಕಿನ ಮುಂದೆ ಕೂರಿಸಬೇಡಿ. ಇನ್ನೊಮ್ಮೆ ಇದು ನನ್ನ ಕಿವಿಗೆ ಬೀಳಬಾರದು."

"ಕೇಳಿದಿರಲ್ಲ? ಅವನ ಊಟ ಕಿತ್ತುಕೊಂಡವಳು ನಾನು. ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಆರು ವಾರ ಅವನ ಹೊಟ್ಟೆ ಹಸಿವು ಹಸಿವು ಅಂತ ಇಪ್ಪತ್ತಮೂರು ಸಲ ಸಾಕ್ಷಿ ಹೇಳಿತು. ನಾನು ಇಲ್ಲದ ಪೈಪಿನ ಹೆಸರು ಬರೆಸಿ ಸಾಕ್ಷಿನ ಅಳಿಸಿದೆ. ಬೇರೆಯವರಾಗಿದ್ದರೆ ಅದು ಏನು ಸದ್ದು ಅಂತ ಯಾರನ್ನಾದರೂ ಕೇಳ್ತಿದ್ದರು. ನಾನು ಕೇಳ್ತೀನಾ? ನನಗೆ ಕಿವಿಯಮ್ಮ ಅಂತ ಹೆಸರು!" ಕೋಲನ್ನು ನೆಲಕ್ಕೆ ಊರಿದರು. "ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನನಗೆ ಬುಡವೂ ಕತ್ತಲೆ, ತುದಿಯೂ ಕತ್ತಲೆ. ಸಮಿತಿ ಯಾರನ್ನಾದರೂ ಕಳಿಸಬೇಕು ಅಂದರೆ ನನ್ನನ್ನ ಕಳಿಸಲಿ."

ಮಾತಾಡಿದವನು ದನಿಯಣ್ಣ.

"ಹೊಟ್ಟೆ ಸದ್ದು ನನಗೆ ಗೊತ್ತಿತ್ತು ಕಿವಿಯಮ್ಮ. ನೀವು ಪೈಪು ಅಂದಿರಿ. ಸದ್ಯ, ಮಾನ ಉಳೀತು ಅಂತ ಸುಮ್ಮನಿದ್ದೆ."

ಯಾರೋ ನಕ್ಕರು. ಅಕ್ಕನೇ ಇರಬೇಕು, ಅಳುತ್ತಲೇ.

ಮೇಲ್ವಿಚಾರಕರು ಸೇರುವಾಗ ಬರೆಸಿಕೊಂಡ ಕಾಗದ ಮಡಚಿ ಕಡತಕ್ಕೆ ಸೇರಿಸಿದರು. ಮಾತ್ರೆ ಬಿಟ್ಟಿಲ್ಲ ಎಂದು ಅದರ ಅಂಚಿನಲ್ಲಿ ಬರೆದು ಮೂವರೂ ಸಹಿ ಹಾಕಿದರು. ಡಾಕ್ಟರು ಮಾತ್ರೆ ಬದಲಿಸುವುದನ್ನು ತಡೆಹಿಡಿದರು. ಅದೇ ಮಾತ್ರೆ, ಊಟದ ಜೊತೆ, ವಾರಕ್ಕೊಮ್ಮೆ ಬಂದು ತೋರಿಸಬೇಕು. ನಾಳೆಯೇ ಸರಿಹೋಗುತ್ತೆ ಅಂತ ತಿಳಿಯಬೇಡಿ ಎಂದರು.

ಸರಿಹೋಗಲೂ ಇಲ್ಲ. ಮೊದಲ ಹತ್ತು ದಿನ ದನಿಯಣ್ಣ ಮೈಕಿನ ಕೋಣೆಗೆ ಕಾಲಿಡಲಿಲ್ಲ. ನನ್ನ ಮೇಜಿನ ಪಕ್ಕ ಕೂತು ಪುಸ್ತಕಗಳಿಗೆ ಹೊದಿಕೆ ಹಾಕಿದ. ಮೂರನೆಯ ವಾರ, ಆ ಇನ್ನೊಬ್ಬ ಈಗ ತನ್ನ ಜೊತೆಗೇ ಓದುತ್ತಾನೆ, ಮುಂದೆ ಓಡುವುದಿಲ್ಲ ಎಂದ. ಐದನೆಯ ವಾರ ಆ ಇನ್ನೊಬ್ಬನ ಸುದ್ದಿಯೇ ಎತ್ತಲಿಲ್ಲ, ಒಂದು ಸಂಜೆ ಮತ್ತೆ ಓದಲು ಬಂದ. ಏಳಕ್ಕೆ ಅಕ್ಕ ಊಟದ ಡಬ್ಬಿ, ಮಾತ್ರೆ ಎರಡನ್ನೂ ಇಲ್ಲಿಗೇ ತಂದಳು. ಸದ್ದಪ್ಪನೆದುರೇ ಊಟ, ಸದ್ದಪ್ಪನೆದುರೇ "ಆ". ಊಟದ ಚೀಟಿ ಇದ್ದ ಜಾಗದಲ್ಲಿ ಬಾಗಿಲ ಮೇಲೆ ಒಂದು ಚೌಕ ಬೆಳ್ಳಗೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಆ ಓದನ್ನು ಕೇಳಲು ಕಿವಿಯಮ್ಮ ಕೂತರು. ಕೈಮುಗಿದರು. ಪದ್ಯದ ಚರಣ ಹೇಳಿಕೊಂಡರು. ನಾನು ಪೆನ್ನು ಹಿಡಿದು ಕಾದೆ. ಇಪ್ಪತ್ತು ನಿಮಿಷ ಓದು ಓಡಿತು. ಆಮೇಲೆ ಬೆರಳೆತ್ತಿದರು.

"ಬರಕೋ. ನಲವತ್ತೊಂದನೆಯ ಪುಟ. ತೇಗು, ಒಂದು."

ಬರೆದೆ. "ತೆಗೆಸಬೇಕಾ?"

"ಬೇಡ. ಇರಲಿ."